ಮಡಿಕೇರಿಯಿಂದ ಸ್ಯಾನ್‌ಫ್ರಾನ್ಸಿಸ್ಕೊ ಎಷ್ಟು ದೂರ, ಎಷ್ಟು ಹೊತ್ತು? ವಿಮಾನ ಪ್ರಯಾಣದ ಲೆಕ್ಕ ಹೀಗಿದೆ

ಕೊಡಗಿನಲ್ಲಿ ವಿಮಾನ ನಿಲ್ದಾಣವಿಲ್ಲ, ರೈಲು ಮಾರ್ಗವೂ ಇಲ್ಲ. ಆದರೂ ವಿಮಾನದ ವೇಳಾಪಟ್ಟಿಯನ್ನು ಮುಂದಿಟ್ಟುಕೊಂಡು ಲೆಕ್ಕ ಹಾಕಬೇಕಾದ ಸಂದರ್ಭ ಇಲ್ಲಿನ ಅನೇಕ ಮನೆಗಳಿಗೆ ಈಗ ಬರುತ್ತಿದೆ. ಗಲ್ಫ್ ದೇಶಗಳಲ್ಲಿ ದುಡಿಯುವವರು, ಅಮೆರಿಕ, ಕೆನಡಾ, ಆಸ್ಟ್ರೇಲಿಯಗಳಲ್ಲಿ ಓದುವ ಅಥವಾ ನೆಲೆಸಿರುವ ಮಕ್ಕಳು ಹುತ್ತರಿಗೋ ಮದುವೆಗೋ ಊರಿಗೆ ಹೊರಟಾಗ, ಅಥವಾ ತಂದೆತಾಯಿ ಮೊದಲ ಬಾರಿಗೆ ಅವರಲ್ಲಿಗೆ ಹೊರಟಾಗ, ಒಂದೇ ಪ್ರಯಾಣಕ್ಕೆ ಮೂರು ನಾಲ್ಕು ಬಗೆಯ ಅಂಕಿಗಳು ಎದುರಾಗುತ್ತವೆ. ದೂರ ಲೆಕ್ಕ ಹಾಕಿಕೊಡುವ ಜಾಲತಾಣ ಒಂದು ಸಮಯ ಹೇಳುತ್ತದೆ, ಟಿಕೆಟ್ ಇನ್ನೊಂದನ್ನು ತೋರಿಸುತ್ತದೆ, ಹೋಗುವ ಹೊತ್ತಿಗೂ ಬರುವ ಹೊತ್ತಿಗೂ ತಾಳೆಯಾಗುವುದಿಲ್ಲ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನವು ಭಾರತೀಯ ವಿಮಾನಗಳಿಗೆ ತನ್ನ ಆಕಾಶವನ್ನು ಮುಚ್ಚಿದ ಮೇಲೆ, ಅದುವರೆಗೆ ಇದ್ದ ಪ್ರಯಾಣದ ಅವಧಿಯೇ ಕೆಲವು ಮಾರ್ಗಗಳಲ್ಲಿ ಬದಲಾಯಿತು.

ಈ ಅಂಕಿಗಳಲ್ಲಿ ಯಾವುದೂ ತಪ್ಪಲ್ಲ. ಒಂದೊಂದೂ ಬೇರೆ ಬೇರೆ ಪ್ರಶ್ನೆಗೆ ಉತ್ತರ. ಎರಡು ಊರುಗಳ ನಡುವಿನ ದೂರ ಎಂದಿಗೂ ಒಂದೇ ಆಗಿರುತ್ತದೆ, ಆದರೆ ಅದನ್ನು ಕ್ರಮಿಸುವ ಸಮಯಕ್ಕೆ ಅಂತಹ ಸ್ಥಿರತೆ ಇಲ್ಲ. ಇದು ಹೇಗೆಂದು ತಿಳಿಯಲು ದೂರದಿಂದಲೇ ಆರಂಭಿಸಬೇಕು.

ದುಂಡಗಿನ ಭೂಮಿಯ ಮೇಲೆ ನೇರ ದಾರಿ

ಜಾಲತಾಣಗಳು ಎರಡು ನಗರಗಳ ನಡುವಿನ ವಿಮಾನದ ದೂರ ಎಂದು ತೋರಿಸುವುದು ಬಹುತೇಕ ಸಂದರ್ಭಗಳಲ್ಲಿ ವಿಮಾನವು ನಿಜವಾಗಿ ಹಾರಿದ ದೂರವಲ್ಲ. ಅದು ಭೂಮಿಯ ಮೇಲ್ಮೈಯಲ್ಲಿ ಆ ಎರಡು ಸ್ಥಳಗಳ ನಡುವೆ ಇರಬಹುದಾದ ಅತ್ಯಂತ ಕಡಿಮೆ ದೂರ. ಎರಡೂ ಸ್ಥಳಗಳ ಅಕ್ಷಾಂಶ ರೇಖಾಂಶಗಳು ಗೊತ್ತಿದ್ದರೆ ಸಾಕು, ಉಳಿದದ್ದು ತ್ರಿಕೋನಮಿತಿಯ ಕೆಲಸ. ಭೂಮಿಯ ಸರಾಸರಿ ತ್ರಿಜ್ಯ 6,371 ಕಿ.ಮೀ. ಎಂದು ಹಿಡಿದು ಈ ಲೆಕ್ಕ ಮಾಡುತ್ತಾರೆ. ಭೂಮಿ ಧ್ರುವಗಳ ಬಳಿ ತುಸು ಚಪ್ಪಟೆಯಾಗಿರುವುದರಿಂದ ಉತ್ತರದಲ್ಲಿ ಅಲ್ಪ ವ್ಯತ್ಯಾಸ ಬರುತ್ತದೆ, ಆದರೆ ಅದು ಶೇಕಡ ಅರ್ಧದಷ್ಟನ್ನು ಮೀರುವುದು ಅಪರೂಪ.

ಗೊಂದಲ ಹುಟ್ಟುವುದು ಆ ಕನಿಷ್ಠ ದೂರದ ದಾರಿ ಯಾವ ಕಡೆಯಿಂದ ಹೋಗುತ್ತದೆ ಎಂಬಲ್ಲಿ. ಒಂದು ಕೊಡಗಿನ ಕಿತ್ತಳೆಯನ್ನು ಕೈಗೆತ್ತಿಕೊಳ್ಳಿ. ಅದರ ಮೇಲೆ ಎರಡು ಚುಕ್ಕೆಗಳನ್ನಿಟ್ಟು ಅವುಗಳ ನಡುವೆ ದಾರವೊಂದನ್ನು ಬಿಗಿಯಾಗಿ ಎಳೆದು ಹಿಡಿದರೆ, ದಾರ ತಾನಾಗಿಯೇ ಅತ್ಯಂತ ಹತ್ತಿರದ ದಾರಿಯನ್ನು ಹಿಡಿಯುತ್ತದೆ. ಆ ದಾರದ ಗುಂಟ ಚಾಕುವನ್ನು ಹಣ್ಣಿನ ನಡುಮಧ್ಯಕ್ಕೆ ಇಳಿಸಿದರೆ ಹಣ್ಣು ಸರಿಯಾಗಿ ಎರಡು ಹೋಳಾಗುತ್ತದೆ. ಹೋಳಿನ ಅಂಚಿನ ವೃತ್ತವೇ ಭೂಗೋಳದ ಭಾಷೆಯಲ್ಲಿ ಮಹಾವೃತ್ತ. ಇನ್ನು ಅದೇ ಕಿತ್ತಳೆಯ ಸಿಪ್ಪೆಯನ್ನು ಸುಲಿದು ಮೇಜಿನ ಮೇಲೆ ಸಮತಟ್ಟಾಗಿ ಹರಡಲು ನೋಡಿ. ಹರಿಯದೆ, ಎಳೆಯದೆ ಅದು ಹರಡುವುದಿಲ್ಲ. ಶಾಲೆಯ ಗೋಡೆಯ ಮೇಲೆ ತೂಗುವ ವಿಶ್ವ ಭೂಪಟದಲ್ಲಿ ನಡೆದಿರುವುದೂ ಇಂತಹ ಎಳೆದಾಟವೇ. 1569ರಲ್ಲಿ ಮರ್ಕೇಟರ್ ರಚಿಸಿದ ಮಾದರಿಯ ಪಟದಲ್ಲಿ ಧ್ರುವಗಳ ಕಡೆ ಸಾಗಿದಷ್ಟೂ ಭೂಭಾಗಗಳು ಹಿಗ್ಗುತ್ತವೆ. ಹೀಗಾಗಿ ಗ್ರೀನ್‌ಲ್ಯಾಂಡ್ ಆಫ್ರಿಕದಷ್ಟೇ ದೊಡ್ಡದಾಗಿ ಕಾಣುತ್ತದೆ, ವಾಸ್ತವದಲ್ಲಿ ಆಫ್ರಿಕ ಅದರ ಸುಮಾರು 14 ಪಟ್ಟು ದೊಡ್ಡದು.

ಈ ಪಟದ ಮೇಲೆ ಬೆಂಗಳೂರಿನಿಂದ ಪೂರ್ವಕ್ಕೆ ಪೆಸಿಫಿಕ್ ಸಾಗರ ದಾಟಿ ಸ್ಯಾನ್‌ಫ್ರಾನ್ಸಿಸ್ಕೊಗೆ ಅಳತೆಪಟ್ಟಿಯಿಂದ ಗೆರೆ ಎಳೆದರೆ, ಕಣ್ಣಿಗೆ ನೇರವಾಗಿ ಕಾಣುವ ಆ ಗೆರೆಯ ನಿಜವಾದ ಉದ್ದ 16,000 ಕಿ.ಮೀ.ಗಿಂತ ಹೆಚ್ಚು. ಮಹಾವೃತ್ತದ ದಾರಿಯಾದರೋ ಸುಮಾರು 14,000 ಕಿ.ಮೀ. ಮಾತ್ರ. ಅದು ಬೆಂಗಳೂರಿನಿಂದ ಬಹುಮಟ್ಟಿಗೆ ಉತ್ತರಕ್ಕೇ ಹೊರಟು, ನೇಪಾಳ, ಟಿಬೆಟ್, ಮಂಗೋಲಿಯದ ಪಶ್ಚಿಮ ಭಾಗ ಮತ್ತು ಸೈಬೀರಿಯಗಳ ಮೇಲೆ ಸಾಗಿ, ಸುಮಾರು 71 ಡಿಗ್ರಿ ಉತ್ತರ ಅಕ್ಷಾಂಶದವರೆಗೆ ಏರಿ, ಅಲಾಸ್ಕದ ಕಡೆಯಿಂದ ಕೆಳಗಿಳಿಯುತ್ತದೆ. ಪಟದಲ್ಲಿ ದೊಡ್ಡ ಸುತ್ತಿನಂತೆ ಕಾಣುವ ದಾರಿಯೇ ಹತ್ತಿರದ ದಾರಿ ಎಂಬುದನ್ನು ಒಪ್ಪಲು ಮನಸ್ಸಿಗೆ ಸ್ವಲ್ಪ ಸಮಯ ಬೇಕು. ನೇರವಾಗಿ ಉತ್ತರ ಧ್ರುವದ ಮೇಲಿನಿಂದಲೇ ಹೋದರೂ ದೂರ 14,360 ಕಿ.ಮೀ. ಆಸುಪಾಸು, ಅಂದರೆ ಕನಿಷ್ಠ ದೂರಕ್ಕಿಂತ 370 ಕಿ.ಮೀ.ಯಷ್ಟೇ ಹೆಚ್ಚು. 2021ರ ಜನವರಿಯಲ್ಲಿ ಏರ್ ಇಂಡಿಯಾ ಈ ಎರಡು ನಗರಗಳ ನಡುವೆ ನಡುವೆಲ್ಲೂ ಇಳಿಯದ ವಿಮಾನವನ್ನು ಮೊದಲ ಬಾರಿಗೆ ಹಾರಿಸಿದಾಗ, ಮಹಿಳಾ ಪೈಲಟ್‌ಗಳೇ ನಡೆಸಿದ ಆ ವಿಮಾನ ಉತ್ತರ ಧ್ರುವದ ಮೇಲಿನಿಂದ ಬಂದದ್ದು ಸುದ್ದಿಯಾಯಿತು. ಕೇಳುವವರಿಗೆ ಅದು ಸಾಹಸವೆನಿಸಿದರೂ ಭೂಮಿಯ ಆಕಾರವನ್ನು ನೆನೆದರೆ ಅಲ್ಲಿ ವಿಚಿತ್ರವೇನೂ ಇಲ್ಲ.

ಮಡಿಕೇರಿಯಿಂದಲೇ ಅಳೆದರೆ ಸ್ಯಾನ್‌ಫ್ರಾನ್ಸಿಸ್ಕೊ ಸುಮಾರು 14,140 ಕಿ.ಮೀ. ದೂರದಲ್ಲಿದೆ. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಆಗಿರುವುದರಿಂದ, ಜಗತ್ತಿನ ಯಾವ ಊರೂ ಮಡಿಕೇರಿಯಿಂದ 20,000 ಕಿ.ಮೀ.ಗಿಂತ ದೂರ ಇರಲಾರದು. ಆ ಗರಿಷ್ಠ ದೂರದಲ್ಲಿರುವ ಬಿಂದು ಪೆರು ದೇಶದ ಪಶ್ಚಿಮಕ್ಕೆ, ಪೆಸಿಫಿಕ್ ಸಾಗರದ ನಡುನೀರಿನಲ್ಲಿ ಬೀಳುತ್ತದೆ.

ಕನಿಷ್ಠ ದೂರದ ದಾರಿಯನ್ನು ವಿಮಾನ ಏಕೆ ಬಿಡುತ್ತದೆ

ಮಹಾವೃತ್ತದ ಮೇಲೆ ಕೂದಲೆಳೆಯಷ್ಟೂ ಸರಿಯದೆ ಹಾರುವ ದೂರಪ್ರಯಾಣದ ವಿಮಾನ ಇಲ್ಲವೆಂದೇ ಹೇಳಬಹುದು. ಇದಕ್ಕೆ ಮೊದಲ ಕಾರಣ ಕೆಳಗಿನ ನೆಲ. ಬೆಂಗಳೂರು ಮತ್ತು ಸ್ಯಾನ್‌ಫ್ರಾನ್ಸಿಸ್ಕೊ ನಡುವಿನ ಕನಿಷ್ಠ ದೂರದ ದಾರಿ ಟಿಬೆಟ್ ಪ್ರಸ್ಥಭೂಮಿಯನ್ನು ದಾಟುತ್ತದೆ. ವಿಮಾನದೊಳಗಿನ ಗಾಳಿಯ ಒತ್ತಡ ಯಾವುದೇ ಕಾರಣದಿಂದ ಕುಸಿದರೆ, ಪೈಲಟ್ ತಕ್ಷಣವೇ ಸುಮಾರು 3,000 ಮೀಟರ್ ಎತ್ತರಕ್ಕೆ, ಅಂದರೆ ಸಹಜವಾಗಿ ಉಸಿರಾಡಬಹುದಾದ ಮಟ್ಟಕ್ಕೆ ಇಳಿಯಬೇಕಾಗುತ್ತದೆ. ಪ್ರಯಾಣಿಕರ ತಲೆಯ ಮೇಲಿನಿಂದ ಇಳಿಬೀಳುವ ಮುಖವಾಡಗಳಲ್ಲಿ ಆಮ್ಲಜನಕ ಬರುವುದು ಸಾಮಾನ್ಯವಾಗಿ ಕೆಲವೇ ನಿಮಿಷಗಳ ಮಟ್ಟಿಗೆ. ಟಿಬೆಟ್‌ನ ನೆಲವೇ ಸರಾಸರಿ 4,500 ಮೀಟರ್ ಎತ್ತರದಲ್ಲಿದೆ. ಕೊಡಗಿನ ಅತಿ ಎತ್ತರದ ಶಿಖರವಾದ ತಡಿಯಂಡಮೋಳ್ 1,748 ಮೀಟರ್ ಎಂಬುದನ್ನು ಗಮನಿಸಿದರೆ ಇದರ ಅಂದಾಜು ಸಿಗುತ್ತದೆ. ಇಳಿಯಲು ಜಾಗವೇ ಇಲ್ಲದ ಆ ಪ್ರದೇಶವನ್ನು ವಿಮಾನಗಳು ಸಾಧ್ಯವಾದಷ್ಟೂ ತಪ್ಪಿಸಿ ಸುತ್ತಿಕೊಂಡು ಹೋಗುತ್ತವೆ.

ಎರಡನೆಯದು ಎಂಜಿನ್‌ಗೆ ಸಂಬಂಧಿಸಿದ ನಿಯಮ. ಇಂದಿನ ದೊಡ್ಡ ವಿಮಾನಗಳಲ್ಲಿ ಹೆಚ್ಚಿನವು ಎರಡೇ ಎಂಜಿನ್‌ಗಳವು. ಒಂದು ಕೆಟ್ಟರೆ ಉಳಿದ ಒಂದರಿಂದಲೇ ಹಾರಿ ನಿಗದಿತ ಸಮಯದೊಳಗೆ ಯಾವುದಾದರೊಂದು ನಿಲ್ದಾಣ ಮುಟ್ಟುವಂತಿರಬೇಕು. ಮೂಲ ನಿಯಮದಲ್ಲಿ ಆ ಸಮಯ 60 ನಿಮಿಷವಿತ್ತು. ಎಂಜಿನ್‌ಗಳ ವಿಶ್ವಾಸಾರ್ಹತೆ ಹೆಚ್ಚಿದಂತೆ 180 ನಿಮಿಷ ಮತ್ತು ಅದಕ್ಕೂ ಹೆಚ್ಚಿನ ಅವಧಿಗೆ ಪ್ರತ್ಯೇಕ ಅನುಮತಿ ಕೊಡಲಾಗುತ್ತಿದೆ. ಧ್ರುವದ ಮಾರ್ಗದಲ್ಲಿ ಇದರ ಜೊತೆಗೆ ಇಂಧನದ ಚಿಂತೆಯೂ ಸೇರಿಕೊಳ್ಳುತ್ತದೆ. ಅಂತರರಾಷ್ಟ್ರೀಯ ಹಾರಾಟದಲ್ಲಿ ಬಳಸುವ ಸಾಮಾನ್ಯ ವಿಮಾನ ಇಂಧನ ಮೈನಸ್ 47 ಡಿಗ್ರಿ ಸೆಲ್ಸಿಯಸ್ ಹತ್ತಿರ ಗಟ್ಟಿಯಾಗತೊಡಗುತ್ತದೆ, ಹೊರಗಿನ ಗಾಳಿ ಅದಕ್ಕಿಂತ ತಣ್ಣಗಿರಬಹುದು. ಆದ್ದರಿಂದ ಪೈಲಟ್‌ಗಳು ಟ್ಯಾಂಕಿನೊಳಗಿನ ಉಷ್ಣಾಂಶವನ್ನು ಗಮನಿಸುತ್ತಲೇ ಇರುತ್ತಾರೆ.

ಮೂರನೆಯ ಕಾರಣವೇ ಇತ್ತೀಚಿನ ವರ್ಷಗಳಲ್ಲಿ ಪ್ರಯಾಣಿಕರಿಗೆ ನೇರವಾಗಿ ತಟ್ಟಿರುವುದು. 1944ರ ಷಿಕಾಗೊ ಒಪ್ಪಂದದ ಪ್ರಕಾರ ಪ್ರತಿಯೊಂದು ದೇಶಕ್ಕೂ ತನ್ನ ನೆಲದ ಮೇಲಿನ ಆಕಾಶದ ಮೇಲೆ ಪೂರ್ಣ ಅಧಿಕಾರವಿದೆ. ಹಾರಿಹೋಗಲು ಅನುಮತಿ ಬೇಕು, ಶುಲ್ಕವನ್ನೂ ಕಟ್ಟಬೇಕು. ಅನುಮತಿ ನಿಂತರೆ ಸುತ್ತುಬಳಸು ಅನಿವಾರ್ಯ. 2022ರಲ್ಲಿ ಉಕ್ರೇನ್ ಯುದ್ಧ ಆರಂಭವಾದ ಮೇಲೆ ರಷ್ಯಾ ಯೂರೋಪಿನ ವಿಮಾನಗಳಿಗೆ ತನ್ನ ಆಕಾಶವನ್ನು ಮುಚ್ಚಿತು. ಫಿನ್‌ಲ್ಯಾಂಡ್‌ನ ಹೆಲ್ಸಿಂಕಿಯಿಂದ ಟೋಕಿಯೊಗೆ ಒಂಬತ್ತೂವರೆ ಗಂಟೆಗಳಲ್ಲಿ ಮುಟ್ಟುತ್ತಿದ್ದ ವಿಮಾನಕ್ಕೆ ಅಲ್ಲಿಂದಾಚೆಗೆ ಹದಿಮೂರು ಗಂಟೆ ಹಿಡಿಯತೊಡಗಿತು. ದೂರ ಒಂದಿಷ್ಟೂ ಬದಲಾಗದೆ ಸಮಯ ಮಾತ್ರ ಮೂರೂವರೆ ಗಂಟೆ ಬೆಳೆದದ್ದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇರೆ ಇಲ್ಲ. ಪಾಕಿಸ್ತಾನದ ಆಕಾಶ 2019ರಲ್ಲಿ ಕೆಲವು ತಿಂಗಳು ಮುಚ್ಚಿತ್ತು, 2025ರ ಏಪ್ರಿಲ್ 24ರಿಂದ ಭಾರತೀಯ ವಿಮಾನಗಳಿಗೆ ಮತ್ತೆ ಮುಚ್ಚಿತು. ಇದರ ಹೊಡೆತ ಹೆಚ್ಚು ಬಿದ್ದದ್ದು ದೆಹಲಿಯಿಂದ ಪಶ್ಚಿಮಕ್ಕೆ ಹೋಗುವ ಮಾರ್ಗಗಳಿಗೆ. ಉತ್ತರ ಅಮೆರಿಕದ ಕೆಲವು ವಿಮಾನಗಳು ಇಂಧನ ತುಂಬಿಸಿಕೊಳ್ಳಲು ಯೂರೋಪಿನಲ್ಲಿ ಇಳಿಯಬೇಕಾಯಿತು. ದಕ್ಷಿಣದಿಂದ ಹೊರಡುವ ವಿಮಾನಗಳಿಗೆ ಅರಬ್ಬಿ ಸಮುದ್ರ ತೆರೆದೇ ಇರುವುದರಿಂದ ಸುತ್ತು ಅಷ್ಟಿಲ್ಲ. ಕಣ್ಣೂರಿನಿಂದ ಅಥವಾ ಮಂಗಳೂರಿನಿಂದ ಗಲ್ಫ್‌ಗೆ ಹೋಗುವವರಿಗೆ ಈ ಬದಲಾವಣೆ ಗೊತ್ತಾಗದಿದ್ದರೆ ಆಶ್ಚರ್ಯವಿಲ್ಲ, ಏಕೆಂದರೆ ಅವರ ದಾರಿ ಮೊದಲಿನಿಂದಲೂ ಸಮುದ್ರದ ಮೇಲಿನದು.

ವೇಗ: ಗಾಳಿಯೊಳಗೆ ಒಂದು, ನೆಲಕ್ಕೆ ಇನ್ನೊಂದು

ದೊಡ್ಡ ಜೆಟ್ ವಿಮಾನಗಳು ಹತ್ತರಿಂದ ಹನ್ನೆರಡು ಕಿ.ಮೀ. ಎತ್ತರದಲ್ಲಿ ಶಬ್ದದ ವೇಗದ ಶೇಕಡ 85ರ ಆಸುಪಾಸಿನಲ್ಲಿ ಹಾರುತ್ತವೆ. ಆ ಎತ್ತರದ ಕೊರೆಯುವ ಚಳಿಯಲ್ಲಿ ಶಬ್ದದ ವೇಗ ಗಂಟೆಗೆ ಸುಮಾರು 1,060 ಕಿ.ಮೀ., ಆದ್ದರಿಂದ ವಿಮಾನದ ವೇಗ 900 ಕಿ.ಮೀ. ಎಂದಿಟ್ಟುಕೊಳ್ಳಬಹುದು. ಅದಕ್ಕಿಂತ ವೇಗವಾಗಿ ಹೋಗಲು ಯತ್ನಿಸಿದರೆ ಗಾಳಿಯ ತಡೆ ಒಮ್ಮೆಲೇ ಹೆಚ್ಚಿ ಇಂಧನ ವಿಪರೀತ ಖರ್ಚಾಗುತ್ತದೆ. ಶಬ್ದಕ್ಕಿಂತ ವೇಗವಾಗಿ ಹಾರುತ್ತಿದ್ದ ಕಾಂಕಾರ್ಡ್ 2003ರಲ್ಲಿ ನಿವೃತ್ತಿಯಾದ ಮೇಲೆ ಪ್ರಯಾಣಿಕರಿಗೆ ಅಂತಹ ವಿಮಾನ ಮತ್ತೆ ಬಂದಿಲ್ಲ. ಅರವತ್ತು ವರ್ಷಗಳ ಹಿಂದಿನ ಜೆಟ್‌ಗಳಿಗಿಂತ ಇಂದಿನವು ಹೆಚ್ಚು ವೇಗದವೇನೂ ಅಲ್ಲ.

ಈ 900 ಕಿ.ಮೀ. ಸುತ್ತಲಿನ ಗಾಳಿಗೆ ಹೋಲಿಸಿ ಹೇಳುವ ವೇಗ. ಆ ಗಾಳಿಯೇ ಚಲಿಸುತ್ತಿದ್ದರೆ ನೆಲಕ್ಕೆ ಹೋಲಿಸಿದ ವೇಗ ಬೇರೆಯಾಗುತ್ತದೆ. ಹಿಂದಿನಿಂದ ಗಂಟೆಗೆ 100 ಕಿ.ಮೀ. ಗಾಳಿ ಬೀಸಿದರೆ ವಿಮಾನ ನೆಲದ ಮೇಲೆ 1,000 ಕಿ.ಮೀ. ಮುಂದೆ ಸಾಗುತ್ತದೆ, ಎದುರಿನಿಂದ ಬೀಸಿದರೆ 800 ಮಾತ್ರ. ಸಮಯ ಕೂಡುವುದೂ ಕಳೆಯುವುದೂ ಇಲ್ಲಿಂದ.

ಎತ್ತರದ ಗಾಳಿ

ಭೂಮಿಯ ಎರಡೂ ಗೋಳಾರ್ಧಗಳಲ್ಲಿ, ವಿಮಾನಗಳು ಹಾರುವ ಎತ್ತರದಲ್ಲಿಯೇ, ಪಶ್ಚಿಮದಿಂದ ಪೂರ್ವಕ್ಕೆ ವೇಗವಾಗಿ ಬೀಸುವ ಗಾಳಿಯ ಪಟ್ಟಿಗಳಿವೆ. ಇವುಗಳನ್ನು ಜೆಟ್ ಸ್ಟ್ರೀಮ್ ಎನ್ನುತ್ತಾರೆ. ಸಮಭಾಜಕದ ಕಡೆಯ ಬಿಸಿ ಗಾಳಿಗೂ ಧ್ರುವದ ಕಡೆಯ ತಣ್ಣನೆಯ ಗಾಳಿಗೂ ನಡುವಿನ ಉಷ್ಣಾಂಶದ ಅಂತರ ಮತ್ತು ಭೂಮಿಯ ತಿರುಗುವಿಕೆ ಎರಡೂ ಸೇರಿ ಇವು ಹುಟ್ಟುತ್ತವೆ. ಆ ಅಂತರ ಚಳಿಗಾಲದಲ್ಲಿ ಹೆಚ್ಚಾಗುವುದರಿಂದ ಗಾಳಿಯೂ ಆಗ ಹೆಚ್ಚು ಬಲವಾಗಿರುತ್ತದೆ. ಗಂಟೆಗೆ 200 ಕಿ.ಮೀ. ಸಾಮಾನ್ಯ, ಕೆಲವೊಮ್ಮೆ 300 ದಾಟುವುದೂ ಉಂಟು. ಜಪಾನಿನ ಹವಾಮಾನ ವಿಜ್ಞಾನಿ ವಸಾಬುರೊ ಊಯಿಶಿ 1920ರ ದಶಕದಲ್ಲಿಯೇ ಬಲೂನುಗಳನ್ನು ಹಾರಿಬಿಟ್ಟು ಈ ಗಾಳಿಯನ್ನು ಅಳೆದಿದ್ದರು. ತಮ್ಮ ವರದಿಯನ್ನು ಅವರು ಎಸ್ಪೆರಾಂಟೊ ಎಂಬ ಕೃತಕ ಭಾಷೆಯಲ್ಲಿ ಪ್ರಕಟಿಸಿದ್ದರಿಂದ ಹೊರಜಗತ್ತಿನಲ್ಲಿ ಅದನ್ನು ಓದಿದವರು ಕಡಿಮೆ.

ಪಶ್ಚಿಮಕ್ಕೆ ಹೋಗುವ ವಿಮಾನ ಈ ಗಾಳಿಗೆ ಎದುರಾಗುತ್ತದೆ, ಪೂರ್ವಕ್ಕೆ ಬರುವ ವಿಮಾನ ಅದರ ಬೆಂಬಲ ಪಡೆಯುತ್ತದೆ. ಬೆಂಗಳೂರಿನಿಂದ ಲಂಡನ್ ಸುಮಾರು 8,050 ಕಿ.ಮೀ. ದೂರ, ಹೋಗಲು ಹತ್ತು ಗಂಟೆಗೂ ಹೆಚ್ಚು ಬೇಕು, ಬರಲು ಅದಕ್ಕಿಂತ ಸುಮಾರು ಒಂದು ಗಂಟೆ ಕಡಿಮೆ ಸಾಕು. 2020ರ ಫೆಬ್ರುವರಿಯಲ್ಲಿ ಅಟ್ಲಾಂಟಿಕ್ ಮೇಲೆ ಬಿರುಗಾಳಿಯೊಂದು ಎದ್ದಿದ್ದಾಗ, ನ್ಯೂಯಾರ್ಕ್‌ನಿಂದ ಹೊರಟ ಬ್ರಿಟಿಷ್ ಏರ್‌ವೇಸ್ ವಿಮಾನ 4 ಗಂಟೆ 56 ನಿಮಿಷಗಳಲ್ಲಿ ಲಂಡನ್ ತಲಪಿತು. ಸಾಮಾನ್ಯ ದಿನಗಳಲ್ಲಿ ಅದಕ್ಕೆ ಆರೂವರೆ ಗಂಟೆಯಾದರೂ ಬೇಕು. ನೆಲಕ್ಕೆ ಹೋಲಿಸಿದರೆ ಅದು ಗಂಟೆಗೆ 1,300 ಕಿ.ಮೀ.ಗಿಂತ ವೇಗವಾಗಿ ಸಾಗಿದ್ದರೂ ಶಬ್ದದ ವೇಗವನ್ನು ದಾಟಿರಲಿಲ್ಲ, ಏಕೆಂದರೆ ಆ ಲೆಕ್ಕಕ್ಕೆ ಬರುವುದು ಗಾಳಿಯೊಳಗಿನ ವೇಗ.

ಹೋಗುವಾಗ ಕಳೆದುಕೊಂಡದ್ದು ಬರುವಾಗ ಸಿಕ್ಕಿಬಿಡುತ್ತದೆ, ಒಟ್ಟಿನಲ್ಲಿ ಲೆಕ್ಕ ಸರಿಹೋಗುತ್ತದೆ ಎಂದು ಭಾವಿಸುವುದು ಸಹಜ. ಆದರೆ ಹಾಗಾಗುವುದಿಲ್ಲ. 8,000 ಕಿ.ಮೀ. ದೂರವನ್ನು ಎದುರುಗಾಳಿಯಲ್ಲಿ 800ರ ವೇಗದಲ್ಲಿ ಕ್ರಮಿಸಲು 10 ಗಂಟೆ, ಹಿಂಗಾಳಿಯಲ್ಲಿ 1,000ದ ವೇಗದಲ್ಲಿ 8 ಗಂಟೆ, ಒಟ್ಟು 18 ಗಂಟೆ. ಗಾಳಿಯೇ ಇಲ್ಲದಿದ್ದರೆ ಎರಡೂ ಕಡೆಗೆ ಸೇರಿ 17 ಗಂಟೆ 47 ನಿಮಿಷ ಸಾಕಾಗುತ್ತಿತ್ತು. ಎದುರುಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಸಿಕ್ಕಿಕೊಂಡಿರುತ್ತದೆ, ಹಿಂಗಾಳಿಯ ಉಪಕಾರ ಪಡೆಯುವ ಹೊತ್ತು ಕಡಿಮೆ. ನಷ್ಟ ಉಳಿದುಹೋಗುವುದು ಇದರಿಂದಲೇ. ಹಾರಾಟದ ಯೋಜನೆ ಮಾಡುವವರು ಪ್ರತಿದಿನವೂ ಗಾಳಿಯ ಮುನ್ಸೂಚನೆ ನೋಡಿ ದಾರಿಯನ್ನು ಹೊಸದಾಗಿ ಆರಿಸುತ್ತಾರೆ. ಕೆಲವು ನೂರು ಕಿ.ಮೀ. ಹೆಚ್ಚು ಹಾರಿ ಎದುರುಗಾಳಿಯನ್ನು ತಪ್ಪಿಸಿಕೊಂಡರೆ ಸಮಯ, ಇಂಧನ ಎರಡೂ ಉಳಿಯುತ್ತವೆ. ನಿನ್ನೆ ಹೋದ ದಾರಿಯಲ್ಲೇ ವಿಮಾನ ಇಂದೂ ಹೋಗದಿರುವುದಕ್ಕೆ ಇದೇ ಕಾರಣ.

ದಕ್ಷಿಣ ಭಾರತಕ್ಕೆ ಸಂಬಂಧಿಸಿದಂತೆ ಇಲ್ಲೊಂದು ವಿಶೇಷವಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನಲ್ಲಿ ನೈಋತ್ಯ ಮಾರುತದ ಮಳೆ ಸುರಿಯುತ್ತಿರುವಾಗ, ನಮ್ಮ ತಲೆಯ ಮೇಲೆ ಬಹಳ ಎತ್ತರದಲ್ಲಿ ಗಾಳಿ ತದ್ವಿರುದ್ಧವಾಗಿ ಪೂರ್ವದಿಂದ ಪಶ್ಚಿಮಕ್ಕೆ ಬೀಸುತ್ತಿರುತ್ತದೆ. ಭಾರತೀಯ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ ಇದನ್ನು 1958ರಲ್ಲಿ ವಿವರಿಸಿದರು. ಚಳಿಗಾಲದಲ್ಲಿ ಉತ್ತರ ಭಾರತದ ಮೇಲಿರುವ ಪಶ್ಚಿಮದ ಜೆಟ್ ಸ್ಟ್ರೀಮ್ ಮಳೆಗಾಲದಲ್ಲಿ ಹಿಮಾಲಯದ ಆಚೆಗೆ ಸರಿದುಹೋಗಿರುತ್ತದೆ. ಆದ್ದರಿಂದ ಗಲ್ಫ್ ಕಡೆಗೆ ಹೊರಟ ವಿಮಾನಕ್ಕೆ ಮಳೆಗಾಲದಲ್ಲಿ ಎದುರುಗಾಳಿಯ ಕಾಟ ಕಡಿಮೆ. ಒಂದೇ ಮಾರ್ಗದ ವೇಳಾಪಟ್ಟಿ ಬೇಸಗೆಗೊಂದು ಚಳಿಗಾಲಕ್ಕೊಂದು ಎಂದು ಬದಲಾಗುವುದರ ಹಿಂದೆ ಇಂತಹ ಋತುಗಾಳಿಗಳ ಪಾತ್ರವೂ ಇದೆ.

ಭೂಮಿ ತಿರುಗುವುದರಿಂದ ಲಾಭವಿಲ್ಲವೆ

ಮಕ್ಕಳು ಕೇಳುವ, ದೊಡ್ಡವರೂ ಒಳಗೊಳಗೇ ಅಂದುಕೊಳ್ಳುವ ಪ್ರಶ್ನೆ ಇದು. ಭೂಮಿ ಸಮಭಾಜಕದ ಬಳಿ ಗಂಟೆಗೆ ಸುಮಾರು 1,670 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ತಿರುಗುತ್ತಿರುವಾಗ, ವಿಮಾನ ಮೇಲೇರಿ ಸುಮ್ಮನೆ ನಿಂತರೆ ಪಶ್ಚಿಮದ ಊರು ತಾನಾಗಿಯೇ ಕೆಳಗೆ ಬರಬೇಕಲ್ಲ? ಬರುವುದಿಲ್ಲ. ಭೂಮಿಯ ಜೊತೆಗೆ ವಾತಾವರಣವೂ ತಿರುಗುತ್ತಿದೆ, ನೆಲದ ಮೇಲೆ ನಿಂತ ವಿಮಾನಕ್ಕೂ ಆ ವೇಗ ಆಗಲೇ ಇದೆ, ಮೇಲೇರಿದಾಗಲೂ ಅದು ಕಳೆದುಹೋಗುವುದಿಲ್ಲ. ತಿರುಗುವಿಕೆಯ ಪರಿಣಾಮ ಪ್ರಯಾಣಿಕನಿಗೆ ತಟ್ಟುವುದು ಪರೋಕ್ಷವಾಗಿ, ಮೇಲೆ ಹೇಳಿದ ಗಾಳಿಗಳ ಮೂಲಕ ಮಾತ್ರ.

ಟಿಕೆಟ್ ಹೇಳುವ ಅವಧಿ

ಹೆಚ್ಚಿನ ಜಾಲತಾಣಗಳು ಮಹಾವೃತ್ತದ ದೂರವನ್ನು ಗಂಟೆಗೆ 800ರಿಂದ 900 ಕಿ.ಮೀ. ನಡುವಿನ ಒಂದು ವೇಗದಿಂದ ಭಾಗಿಸಿ, ಏರಲು ಇಳಿಯಲು ಅರ್ಧ ಗಂಟೆ ಸೇರಿಸಿ ಉತ್ತರ ಕೊಡುತ್ತವೆ. ಇದರಲ್ಲಿ ಗಾಳಿಯೂ ಇಲ್ಲ, ಮುಚ್ಚಿದ ಆಕಾಶವೂ ಇಲ್ಲ. ಅಂದಾಜಿಗೆ ಅದು ಸಾಕು, ಪ್ರಯಾಣದ ಯೋಜನೆಗೆ ಸಾಲದು.

ಟಿಕೆಟ್‌ನಲ್ಲಿ ಇರುವುದು ಬ್ಲಾಕ್ ಟೈಮ್ ಎಂದು ಕರೆಯುವ ಅವಧಿ. ವಿಮಾನ ಒಂದು ನಿಲ್ದಾಣದ ಗೇಟಿನಿಂದ ಹಿಂದೆ ಸರಿದ ಕ್ಷಣದಿಂದ, ಇನ್ನೊಂದು ನಿಲ್ದಾಣದ ಗೇಟಿನಲ್ಲಿ ನಿಲ್ಲುವ ಕ್ಷಣದವರೆಗೆ ಇದನ್ನು ಎಣಿಸುತ್ತಾರೆ. ರನ್‌ವೇವರೆಗೆ ಉರುಳುವುದು, ಸರದಿಯಲ್ಲಿ ಕಾಯುವುದು, ಇಳಿಯುವ ಮೊದಲು ಆಕಾಶದಲ್ಲಿ ಸುತ್ತುವುದು, ಇಳಿದ ಮೇಲೆ ಮತ್ತೆ ಉರುಳುವುದು ಎಲ್ಲವೂ ಇದರಲ್ಲಿ ಸೇರಿದೆ. ಕಂಪನಿಗಳು ತಡವಾಗಬಹುದಾದ ಕೆಲವು ನಿಮಿಷಗಳನ್ನು ಮೊದಲೇ ಸೇರಿಸಿಡುವುದರಿಂದ, ತಡವಾಗಿ ಹೊರಟ ವಿಮಾನವೂ ಹೇಳಿದ ಸಮಯಕ್ಕೆ ತಲಪಿ ಅಚ್ಚರಿ ಮೂಡಿಸುವುದುಂಟು. ದೂರ ಕಡಿಮೆಯಾದಷ್ಟೂ ಈ ನೆಲದ ಮೇಲಿನ ಸಮಯದ ಪಾಲು ಹೆಚ್ಚು. ಬೆಂಗಳೂರಿನಿಂದ ಮಂಗಳೂರು ಆಕಾಶದಲ್ಲಿ ಸುಮಾರು 300 ಕಿ.ಮೀ.; 900ರ ವೇಗದಲ್ಲಿ ಇಪ್ಪತ್ತು ನಿಮಿಷ ಸಾಕು, ಆದರೆ ಟಿಕೆಟ್‌ನಲ್ಲಿ ಸುಮಾರು ಒಂದು ಗಂಟೆ ಇರುತ್ತದೆ. ಅಷ್ಟು ಚಿಕ್ಕ ಹಾರಾಟದಲ್ಲಿ ವಿಮಾನ ಪೂರ್ಣ ವೇಗಕ್ಕೆ ಏರುವಷ್ಟರಲ್ಲಿ ಇಳಿಯುವ ಹೊತ್ತು ಬಂದಿರುತ್ತದೆ.

ನಡುವೆ ವಿಮಾನ ಬದಲಿಸುವುದಾದರೆ ದೂರವೂ ಬೆಳೆಯುತ್ತದೆ. ಬೆಂಗಳೂರಿನಿಂದ ದುಬೈ ಸುಮಾರು 2,700, ಅಲ್ಲಿಂದ ಸ್ಯಾನ್‌ಫ್ರಾನ್ಸಿಸ್ಕೊ ಸುಮಾರು 13,000, ಒಟ್ಟು 15,700 ಕಿ.ಮೀ. ಫ್ರಾಂಕ್‌ಫರ್ಟ್ ಮೂಲಕ ಹೋದರೆ 16,550 ಕಿ.ಮೀ. ಹತ್ತಿರ. ಹೆಚ್ಚುವರಿ ಹಾರಾಟ ಎರಡು ಮೂರು ಗಂಟೆಯದಾದರೂ, ನಿಲ್ದಾಣದಲ್ಲಿ ಕಾಯುವ ಹೊತ್ತು ಸೇರಿ ಹದಿನೇಳು ಗಂಟೆಯ ಪ್ರಯಾಣ ಇಪ್ಪತ್ತೆರಡೋ ಇಪ್ಪತ್ತೈದೋ ಗಂಟೆಯಾಗುತ್ತದೆ. ಇಲ್ಲೊಂದು ಎಚ್ಚರಿಕೆ ಬೇಕು: ಎರಡೂ ವಿಮಾನಗಳು ಒಂದೇ ಟಿಕೆಟ್‌ನಲ್ಲಿದ್ದರೆ, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದಾಗ ಮುಂದಿನ ವ್ಯವಸ್ಥೆ ಕಂಪನಿಯ ಹೊಣೆ, ಬೇರೆ ಬೇರೆಯಾಗಿ ಕೊಂಡ ಟಿಕೆಟ್‌ಗಳಾದರೆ ಸಾಮಾನ್ಯವಾಗಿ ಹೊಣೆ ಪ್ರಯಾಣಿಕನದೇ.

ಗಡಿಯಾರ ಮಾಡುವ ಗೊಂದಲ

ಟಿಕೆಟ್‌ನಲ್ಲಿ ಹೊರಡುವ ಸಮಯ ಹೊರಡುವ ಊರಿನದು, ತಲಪುವ ಸಮಯ ತಲಪುವ ಊರಿನದು. ಎರಡನ್ನೂ ನೇರವಾಗಿ ಕಳೆದರೆ ಉತ್ತರ ಸಿಗುವುದಿಲ್ಲ.

ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕು. ಭಾರತದ ಸಮಯವನ್ನು 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ ಹೊಂದಿಸಲಾಗಿದೆ. ಮಡಿಕೇರಿ ಇರುವುದು 75.7 ಡಿಗ್ರಿಯಲ್ಲಿ. ಹಾಗಾಗಿ ಮಡಿಕೇರಿಯ ಆಕಾಶದಲ್ಲಿ ಸೂರ್ಯ ನಡುನೆತ್ತಿಯ ರೇಖೆಗೆ ಬರುವುದು ವರ್ಷದ ಸರಾಸರಿಯಲ್ಲಿ ಗಡಿಯಾರ 12 ಗಂಟೆ 27 ನಿಮಿಷ ತೋರಿಸುವಾಗ. ದೇಶದೊಳಗಿನ ಈ ಅಂತರವನ್ನು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ, ದೇಶ ದಾಟಿದಾಗ ಹಿಡಿಯಲೇಬೇಕು. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದಿದೆ. ಲಂಡನ್ ಚಳಿಗಾಲದಲ್ಲಿ ಐದೂವರೆ ಗಂಟೆ, ಬೇಸಗೆಯಲ್ಲಿ ನಾಲ್ಕೂವರೆ ಗಂಟೆ ಹಿಂದೆ. ಸ್ಯಾನ್‌ಫ್ರಾನ್ಸಿಸ್ಕೊ ಚಳಿಗಾಲದಲ್ಲಿ ಹದಿಮೂರೂವರೆ, ಬೇಸಗೆಯಲ್ಲಿ ಹನ್ನೆರಡೂವರೆ ಗಂಟೆ ಹಿಂದೆ. ಬೇಸಗೆಯಲ್ಲಿ ಅಲ್ಲಿನವರು ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ, ಭಾರತದಲ್ಲಿ ಆ ಪದ್ಧತಿಯಿಲ್ಲ.

ಚಳಿಗಾಲದ ಒಂದು ದಿನ ಮಧ್ಯಾಹ್ನ 2ಕ್ಕೆ ಬೆಂಗಳೂರು ಬಿಟ್ಟ ವಿಮಾನ 17 ಗಂಟೆ ಹಾರಿತೆನ್ನೋಣ. ಭಾರತದಲ್ಲಿ ಆಗ ಮರುದಿನ ಬೆಳಿಗ್ಗೆ 7. ಹದಿಮೂರೂವರೆ ಗಂಟೆ ಕಳೆದರೆ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಹೊರಟ ದಿನವೇ ಸಂಜೆ 5.30. ಕಾಗದದ ಮೇಲೆ ಪ್ರಯಾಣ ಮೂರೂವರೆ ಗಂಟೆಯದಾಗಿ ಕಾಣುತ್ತದೆ. ಬರುವಾಗ ಇದರ ಸಾಲ ತೀರಿಸಬೇಕು. 2021ರ ಜನವರಿ 9, ಶನಿವಾರ ರಾತ್ರಿ ಸ್ಯಾನ್‌ಫ್ರಾನ್ಸಿಸ್ಕೊ ಬಿಟ್ಟ ಆ ಮೊದಲ ವಿಮಾನ ಬೆಂಗಳೂರಿಗೆ ಇಳಿದದ್ದು 11ರ ಸೋಮವಾರ ನಸುಕಿನಲ್ಲಿ. ಅದರಲ್ಲಿದ್ದವರಿಗೆ ಭಾನುವಾರ ವಿಮಾನದೊಳಗೇ ಮುಗಿದುಹೋಯಿತು. ಲೆಕ್ಕ ತಪ್ಪದಿರಲು ಸುಲಭ ಉಪಾಯವೆಂದರೆ ಎರಡೂ ಸಮಯಗಳನ್ನು ಮೊದಲು ಭಾರತದ ಸಮಯಕ್ಕೆ ತಿರುಗಿಸಿ, ಆಮೇಲೆ ಕಳೆಯುವುದು.

ಮನೆಯಿಂದ ಹೊರಟು ಗೇಟು ಮುಟ್ಟುವವರೆಗೆ

ಕೊಡಗಿನವರಿಗೆ ಪ್ರಯಾಣ ನಿಜವಾಗಿ ಆರಂಭವಾಗುವುದು ಮನೆಯ ಅಂಗಳದಿಂದ. ಈ ಭಾಗ ಯಾವ ಟಿಕೆಟ್‌ನಲ್ಲಿಯೂ ಇರುವುದಿಲ್ಲ, ಆದರೆ ಯಾವ ವಿಮಾನ ಆರಿಸಬೇಕೆಂಬುದನ್ನು ಎಷ್ಟೋ ಬಾರಿ ಇದೇ ತೀರ್ಮಾನಿಸುತ್ತದೆ.

ಮಡಿಕೇರಿಯಿಂದ ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣ ಆಕಾಶದಲ್ಲಿ ಸುಮಾರು 230 ಕಿ.ಮೀ., ರಸ್ತೆಯಲ್ಲಿ 300 ಕಿ.ಮೀ.ಗೆ ಹತ್ತಿರ. 2023ರಲ್ಲಿ ತೆರೆದ ಬೆಂಗಳೂರು ಮೈಸೂರು ಹೆದ್ದಾರಿಯಿಂದ ನಡುವಿನ ಹಾದಿ ಚುರುಕಾಗಿದೆ. ಆದರೂ ಕುಶಾಲನಗರ, ಹುಣಸೂರು ದಾಟಿ, ಕೆಂಗೇರಿಯಿಂದ ಮುಂದೆ ಬೆಂಗಳೂರನ್ನು ಅಡ್ಡಹಾಯ್ದು ದೇವನಹಳ್ಳಿ ಮುಟ್ಟಲು ಆರೇಳು ಗಂಟೆ ಇಟ್ಟುಕೊಳ್ಳುವುದು ಕ್ಷೇಮ. ಅಷ್ಟು ಹೊತ್ತಿನಲ್ಲಿ ವಿಮಾನ ಹೆಚ್ಚುಕಡಿಮೆ ದುಬೈಗೆ ಹೋಗಿ ಹಿಂತಿರುಗುತ್ತದೆ. ಮಂಗಳೂರು ನಿಲ್ದಾಣ ಆಕಾಶದಲ್ಲಿ 110 ಕಿ.ಮೀ., ಸಂಪಾಜೆ, ಸುಳ್ಯ, ಪುತ್ತೂರಿನ ಮೂಲಕ ರಸ್ತೆಯಲ್ಲಿ ಸುಮಾರು 140. ಕಣ್ಣೂರು ನಿಲ್ದಾಣ ಇರುವುದು ಮಟ್ಟನ್ನೂರಿನಲ್ಲಿ. 2018ರ ಡಿಸೆಂಬರ್‌ನಲ್ಲಿ ಅದು ಆರಂಭವಾದ ಮೇಲೆ ದಕ್ಷಿಣ ಕೊಡಗಿನವರಿಗೆ ಅದೇ ಹತ್ತಿರದ್ದಾಯಿತು. ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿದು ಇರಿಟ್ಟಿಯ ಮೂಲಕ ಸುಮಾರು 60 ಕಿ.ಮೀ. ಅಲ್ಲಿಂದ ದುಬೈ ಸುಮಾರು 2,600 ಕಿ.ಮೀ., ನಾಲ್ಕು ಗಂಟೆಯೊಳಗಿನ ಹಾರಾಟ. ಗಲ್ಫ್‌ಗೆ ಹೋಗುವ ವಿರಾಜಪೇಟೆ, ಪೊನ್ನಂಪೇಟೆ ಕಡೆಯವರು ಟಿಕೆಟ್ ಬೆಲೆ ತುಸು ಹೆಚ್ಚಿದ್ದರೂ ಕಣ್ಣೂರನ್ನು ಆರಿಸುವುದಕ್ಕೆ ಉಳಿಯುವ ಹಗಲೊಂದೇ ಸಾಕಾದ ಕಾರಣ. ಅಮೆರಿಕ, ಯೂರೋಪುಗಳಿಗಾದರೆ ಬೆಂಗಳೂರಿನ ಆಯ್ಕೆಗಳೇ ಹೆಚ್ಚು.

ಮಳೆಗಾಲದಲ್ಲಿ ಈ ಲೆಕ್ಕವನ್ನು ಇನ್ನಷ್ಟು ಸಡಿಲಿಸಬೇಕು. 2018ರ ಮಳೆಯಲ್ಲಿ ಮಡಿಕೇರಿ ಸಂಪಾಜೆ ರಸ್ತೆಯೂ ಮಾಕುಟ್ಟ ರಸ್ತೆಯೂ ಭೂಕುಸಿತದಿಂದ ಮುಚ್ಚಿದ್ದವು. ಜೂನ್‌ನಿಂದ ಸೆಪ್ಟೆಂಬರ್ ನಡುವೆ ಘಾಟಿ ಇಳಿದು ಹೋಗುವವರು ಹೊರಡುವ ದಿನ ಬೆಳಿಗ್ಗೆಯೇ ರಸ್ತೆಯ ಸ್ಥಿತಿ ವಿಚಾರಿಸಿಕೊಂಡು, ಬೇಕಾದರೆ ಹಿಂದಿನ ದಿನವೇ ಕೆಳಗಿಳಿದಿರುವುದು ಒಳ್ಳೆಯದು.

ಅಂತರರಾಷ್ಟ್ರೀಯ ವಿಮಾನಕ್ಕೆ ಮೂರು ಗಂಟೆ ಮೊದಲು ನಿಲ್ದಾಣದಲ್ಲಿರಬೇಕು. ದೂರದ ವಿಮಾನಗಳಲ್ಲಿ ಅನೇಕವು ನಡುರಾತ್ರಿ ಕಳೆದ ಮೇಲೆ ಹೊರಡುತ್ತವೆ, ಎಡವುವವರು ಎಡವುವುದು ಇಲ್ಲೇ. ಟಿಕೆಟ್‌ನಲ್ಲಿ 16ನೇ ತಾರೀಖು 02.00 ಎಂದಿದ್ದರೆ ಅದು 15ರ ರಾತ್ರಿ ಕಳೆದು ಬರುವ ಎರಡು ಗಂಟೆ. ನಿಲ್ದಾಣದಲ್ಲಿ 15ರ ರಾತ್ರಿ 11ಕ್ಕೆ ಇರಬೇಕು, ಊಟದ ನಿಲುಗಡೆಯನ್ನೂ ಸೇರಿಸಿಕೊಂಡರೆ ಮಡಿಕೇರಿಯನ್ನು 15ರ ಮಧ್ಯಾಹ್ನ ಮೂರಕ್ಕೆ ಬಿಟ್ಟಿರಬೇಕು.